ಮೊದಲು ಜಾಗ, ಆಮೇಲೆ ಲೆನ್ಸ್

ಪುಣೆಯಲ್ಲಿ ಹಕ್ಕಿಗಳ ಫೋಟೊ ತೆಗೆಯಲು ಹೊರಟವರು ಮೊದಲು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: 400 ಎಂ.ಎಂ. ಸಾಕೇ, 600 ಬೇಕೇ? ಕ್ಯಾಮೆರಾ ಅಂಗಡಿಯಲ್ಲಿ ಇದಕ್ಕೆ ಸರಿಯಾದ ಉತ್ತರ ಸಿಗುವುದು ಕಷ್ಟ. ಅಲ್ಲಿ ಎದುರುಗೋಡೆಯ ಬೋರ್ಡಿನ ಅಕ್ಷರ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂದು ನೋಡಿ ಲೆನ್ಸನ್ನು ಮೆಚ್ಚಿಕೊಳ್ಳುತ್ತೇವೆ. ಬಯಲಿಗೆ ಬಂದಾಗ ಲೆಕ್ಕಕ್ಕೆ ಬರುವುದು ಬೇರೆಯೇ: ಹಕ್ಕಿ ಎಷ್ಟು ದೂರದಲ್ಲಿದೆ, ಅದರ ಮೇಲೆ ಎಷ್ಟು ಬೆಳಕಿದೆ, ನಡುವಿನ ಗಾಳಿ ಎಷ್ಟು ಕಾದಿದೆ, ನಾವು ಕೂತಿರುವುದು ದೋಣಿಯಲ್ಲೋ ಕಾರಿನಲ್ಲೋ, ಎರಡು ಮೂರು ತಾಸು ಆ ಭಾರವನ್ನು ತೋಳು ತಡೆಯುತ್ತದೆಯೋ ಇಲ್ಲವೋ. ಆದ್ದರಿಂದ ಭಾನುವಾರ ಬೆಳಿಗ್ಗೆ ನೀವು ಹೆಚ್ಚಾಗಿ ಎಲ್ಲಿಗೆ ಹೋಗುತ್ತೀರಿ ಎಂಬುದನ್ನು ಮೊದಲು ತೀರ್ಮಾನಿಸಿ. ಪುಣೆಯ ಸುತ್ತ ನಾಲ್ಕು ಬಗೆಯ ಜಾಗಗಳಿವೆ: ಭಿಗವಣದ ಹಿನ್ನೀರು, ಸಾಸವಡದ ಹುಲ್ಲುಬಯಲು, ಸಿಂಹಗಡದ ಕಣಿವೆ, ಕವಡಿಯ ಹೊಳೆದಂಡೆ. ನಾಲ್ಕೂ ಕೇಳುವ ಲೆನ್ಸ್ ಒಂದೇ ಅಲ್ಲ.

ದೂರದ ಲೆಕ್ಕ ಸುಲಭ. ಹಕ್ಕಿಯ ಎತ್ತರವನ್ನು ಮೀಟರಿನಲ್ಲಿ ಹಿಡಿದು ಲೆನ್ಸಿನ ಎಂ.ಎಂ. ಸಂಖ್ಯೆಯಿಂದ ಗುಣಿಸಿ, ಹಕ್ಕಿ ಇರುವ ದೂರದಿಂದ ಭಾಗಿಸಿ. ಸೆನ್ಸರಿನ ಮೇಲೆ ಹಕ್ಕಿ ಎಷ್ಟು ಮಿಲಿಮೀಟರ್ ಎತ್ತರಕ್ಕೆ ಮೂಡುತ್ತದೆ ಎಂದು ತಿಳಿಯುತ್ತದೆ. ಫುಲ್‌ಫ್ರೇಮ್ ಸೆನ್ಸರಿನ ಎತ್ತರ 24 ಮಿ.ಮೀ. ಸುಮಾರು 1.3 ಮೀಟರ್ ಎತ್ತರದ ರಾಜಹಂಸ 50 ಮೀಟರ್ ದೂರದಲ್ಲಿ ನಿಂತಿದ್ದರೆ 400 ಎಂ.ಎಂ. ಲೆನ್ಸಿನಲ್ಲಿ ಅದು 10 ಮಿ.ಮೀ.ಗಿಂತ ತುಸು ಹೆಚ್ಚು, 600ರಲ್ಲಿ ಹದಿನೈದೂವರೆ. ಅಷ್ಟಾದರೆ ಒಂಟಿ ಹಕ್ಕಿಯ ಚಿತ್ರಕ್ಕೂ ಸಾಕು, ನೀರಿನ ಪ್ರತಿಬಿಂಬಕ್ಕೂ ಜಾಗ ಉಳಿಯುತ್ತದೆ. ಅದೇ 600ನ್ನು ಹತ್ತು ಮೀಟರ್ ದೂರದ, 15 ಸೆಂಟಿಮೀಟರ್ ಉದ್ದದ ಪುಟ್ಟ ಹಕ್ಕಿಯತ್ತ ತಿರುಗಿಸಿದರೆ ಸಿಗುವುದು ಬರೀ 9 ಮಿ.ಮೀ. ದೂರ ಇಪ್ಪತ್ತು ಮೀಟರ್ ಆದರೆ ಅದರ ಅರ್ಧ. ಹೀಗೆ ದೊಡ್ಡ ಹಕ್ಕಿಗೆ ಚಿಕ್ಕ ಲೆನ್ಸ್ ನಡೆಯುತ್ತದೆ, ಪುಟ್ಟ ಹಕ್ಕಿಗೆ ದೊಡ್ಡದೂ ಸಾಲುವುದಿಲ್ಲ. ಖರೀದಿಗೆ ಮುನ್ನ ನಿಮ್ಮ ಇಷ್ಟದ ಹಕ್ಕಿಗಳಿಗೆ ಈ ಲೆಕ್ಕ ಹಾಕಿ ನೋಡಿ.

ಎಪಿಎಸ್-ಸಿ ಸೆನ್ಸರಿನ ಕ್ಯಾಮೆರಾ ಇದ್ದವರು 'ನನ್ನ 400 ಎಂದರೆ 600' ಎನ್ನುತ್ತಾರೆ. ಲೆನ್ಸ್ ಉದ್ದವಾಗುವುದಿಲ್ಲ, ಚೌಕಟ್ಟು ಚಿಕ್ಕದಾಗುತ್ತದೆ ಅಷ್ಟೇ. ಆದರೂ ಅದರಲ್ಲಿ ನಿಜವಾದ ಲಾಭವೊಂದಿದೆ. 24 ಮೆಗಾಪಿಕ್ಸೆಲಿನ ಎರಡು ಕ್ಯಾಮೆರಾಗಳಲ್ಲಿ ಒಂದು ಫುಲ್‌ಫ್ರೇಮ್, ಇನ್ನೊಂದು ಎಪಿಎಸ್-ಸಿ ಆಗಿದ್ದರೆ, ಒಂದೇ ಲೆನ್ಸಿನಿಂದ ಒಂದೇ ದೂರದ ಹಕ್ಕಿಯನ್ನು ಹಿಡಿದಾಗ ಎರಡನೆಯದರಲ್ಲಿ ಹಕ್ಕಿಯ ಮೇಲೆ ಸುಮಾರು ಎರಡೂಕಾಲು ಪಟ್ಟು ಹೆಚ್ಚು ಪಿಕ್ಸೆಲ್‌ಗಳು ಬೀಳುತ್ತವೆ. ಬೆಳಕು ಚೆನ್ನಾಗಿದ್ದಾಗ ಇದು ದೊಡ್ಡ ಅನುಕೂಲ. ಬಜೆಟ್ ಬಿಗಿಯಿದ್ದವರಿಗೆ ನನ್ನ ಸಲಹೆ: ಹಳೆಯ ಎಪಿಎಸ್-ಸಿ ಬಾಡಿಯನ್ನೇ ಇಟ್ಟುಕೊಂಡು ಹಣವನ್ನೆಲ್ಲ ಲೆನ್ಸಿಗೆ ಹಾಕಿ.

ಈಗ ಭಿಗವಣ. ಪುಣೆಯಿಂದ ಸೊಲ್ಲಾಪುರದ ರಸ್ತೆಯಲ್ಲಿ ಸುಮಾರು ನೂರು ಕಿಲೋಮೀಟರ್. ಭೀಮಾ ನದಿಗೆ ಕಟ್ಟಿದ ಉಜನಿ ಅಣೆಕಟ್ಟು 1980ರಲ್ಲಿ ಮುಗಿದ ಮೇಲೆ ಹಿನ್ನೀರು ಇಲ್ಲಿಯವರೆಗೆ ಹರಡಿತು. ಚಳಿಗಾಲ ಕಳೆಯುತ್ತ ನೀರು ಇಳಿದು ಕೆಸರುದಂಡೆ ಬಯಲಾದಾಗ ರಾಜಹಂಸಗಳು, ಪಟ್ಟೆತಲೆ ಹೆಬ್ಬಾತುಗಳು, ಬಣ್ಣದ ಕೊಕ್ಕರೆಗಳು, ರೀವಗಳು ಇಲ್ಲಿ ಸೇರುತ್ತವೆ. ಕುಂಭಾರಗಾಂವ, ಡಿಕ್ಸಾಳ ಕಡೆಯ ಮೀನುಗಾರರು ದೋಣಿಯಲ್ಲಿ ಕರೆದುಕೊಂಡು ಹೋಗುತ್ತಾರೆ. ದೋಣಿ ತಗ್ಗಾಗಿರುವುದರಿಂದ ಕಣ್ಣು ನೀರಿನ ಮಟ್ಟಕ್ಕೆ ಹತ್ತಿರ ಬರುತ್ತದೆ. ಹಕ್ಕಿಯ ಕಣ್ಣಿನ ಎತ್ತರದಿಂದ ತೆಗೆದ ಚಿತ್ರಕ್ಕೆ ಬೇಕಾದ ಕೋನ ಇಲ್ಲಿ ತಾನಾಗಿಯೇ ಸಿಗುತ್ತದೆ. ಹಕ್ಕಿಗಳು ದೊಡ್ಡವು, ಬೆಳಕು ಧಾರಾಳ. ಇಲ್ಲಿಗೆ 100-400 ಅಥವಾ 100-500 ಜೂಮ್ ಸಾಕು. ಬರೀ 600 ಒಯ್ದವರಿಗೆ ಹಿಂಡು ತಲೆಯ ಮೇಲೆ ಹಾರಿದಾಗ ರೆಕ್ಕೆಗಳು ಚೌಕಟ್ಟಿನಿಂದ ಆಚೆ ಹೋಗುತ್ತವೆ. ರಾಜಹಂಸದ ರೆಕ್ಕೆಯ ಹರವು ಒಂದೂವರೆ ಮೀಟರಿನ ಆಸುಪಾಸು. ಇಪ್ಪತ್ತು ಮೀಟರ್ ದೂರದಲ್ಲಿ 600 ಲೆನ್ಸಿನಡಿ ಅದು 45 ಮಿ.ಮೀ. ಆಗುತ್ತದೆ, ಸೆನ್ಸರಿನ ಅಗಲವೇ 36.

ದೋಣಿಯಲ್ಲಿ ಟ್ರೈಪಾಡ್ ಬೇಡ. ಇಂಜಿನ್ನಿನ ನಡುಕವೆಲ್ಲ ಕಾಲುಗಳ ಮೂಲಕ ಲೆನ್ಸಿಗೆ ಏರುತ್ತದೆ, ಪಕ್ಕದವರು ಮಿಸುಕಿದರೂ ಅಷ್ಟೇ. ಹಲಗೆಯ ಮೇಲೆ ಕೂತು ಮೊಣಕೈಯನ್ನು ಮೊಣಕಾಲಿಗೆ ಆನಿಸಿ, ಇಲ್ಲವೇ ದೋಣಿಯ ಅಂಚಿಗೆ ಬೀನ್ ಬ್ಯಾಗ್ ಇಡಿ. ಬೀನ್ ಬ್ಯಾಗನ್ನು ಮನೆಯಿಂದ ಖಾಲಿ ಒಯ್ದು ದಾರಿಯಲ್ಲಿ ಎರಡು ಮೂರು ಕಿಲೊ ಜೋಳ ಕೊಂಡು ತುಂಬಿಸಿಕೊಳ್ಳಬಹುದು. ಇದು ಜೋಳ ಬೆಳೆಯುವ ಸೀಮೆ, ವಾಪಸು ಬಂದು ಅದನ್ನೇ ಬೀಸಿಸಿ ರೊಟ್ಟಿ ಮಾಡಿಕೊಳ್ಳಲೂ ಬರುತ್ತದೆ. ದೋಣಿ ಸದಾ ತೂಗುವುದರಿಂದ ಕೂತ ಹಕ್ಕಿಗೂ ಶಟರ್ ವೇಗ 1/1000ಕ್ಕಿಂತ ಕೆಳಗೆ ಇಳಿಸಬೇಡಿ. ಹಾರುವ ಹಕ್ಕಿಗೆ 1/2000, ರೀವದಂಥ ಚುರುಕು ಹಕ್ಕಿಗೆ 1/3200. ಲೆನ್ಸಿನೊಳಗಿನ ಸ್ಟೆಬಿಲೈಸೇಷನ್ ನಮ್ಮ ಕೈಯ ನಡುಕವನ್ನು ತಡೆಯುತ್ತದೆಯೇ ಹೊರತು ಹಕ್ಕಿಯ ಚಲನೆಯನ್ನಲ್ಲ. ಕಪ್ಪು ನೀರಿನ ಮುಂದೆ ಬಿಳಿ ಹಕ್ಕಿ ನಿಂತಾಗ ಕ್ಯಾಮೆರಾ ಮೋಸಹೋಗಿ ಬಿಳಿಯನ್ನು ಸುಟ್ಟುಬಿಡುತ್ತದೆ. ಎಕ್ಸ್‌ಪೋಷರನ್ನು ಮೂರನೇ ಎರಡು ಸ್ಟಾಪಿನಷ್ಟು ಇಳಿಸಿ, ಹಿಸ್ಟೋಗ್ರಾಂ ನೋಡಿ. ಹೊಳೆಯುವ ಆಕಾಶದ ಮುಂದೆ ಹಾರುವ ಹಕ್ಕಿಗೆ ಇದಕ್ಕೆ ತಿರುಗುಮುರುಗು, ಒಂದು ಸ್ಟಾಪ್ ಏರಿಸಬೇಕು.

ಉದ್ದ ಲೆನ್ಸ್ ಕೊಂಡವರನ್ನು ಭಿಗವಣದಲ್ಲಿ ಹೆಚ್ಚು ನಿರಾಶೆಗೊಳಿಸುವುದು ಬಿಸಿಗಾಳಿ. ಬಿಸಿಲೇರಿದಂತೆ ಕೆಸರುದಂಡೆಯ ಮೇಲಿನ ಗಾಳಿ ಕಾದು ಅಲುಗಾಡತೊಡಗುತ್ತದೆ. ನೂರು ಮೀಟರ್ ದೂರದ ಹಕ್ಕಿಯ ಅಂಚೆಲ್ಲ ಕರಗಿದಂತೆ ಕಾಣುತ್ತದೆ. ಚಿತ್ರ ಮಸುಕಾಯಿತೆಂದು ಲೆನ್ಸನ್ನು ಸರ್ವಿಸ್ ಸೆಂಟರಿಗೆ ಒಯ್ಯುವವರಿದ್ದಾರೆ, ಲೆನ್ಸಿನಲ್ಲಿ ದೋಷವಿರುವುದಿಲ್ಲ. ಇದಕ್ಕೆ ಯಾವ ಬೆಲೆಯ ಗಾಜೂ ಮದ್ದಲ್ಲ, ಉದ್ದ ಹೆಚ್ಚಿದಷ್ಟೂ ಅಲುಗಾಟವೂ ದೊಡ್ಡದಾಗಿ ಕಾಣುತ್ತದೆ. ವ್ಯೂಫೈಂಡರಿನಲ್ಲಿ ಹಿಗ್ಗಿಸಿ ನೋಡಿ: ಹಕ್ಕಿಯ ಕಾಲು ನೀರು ಸೇರುವ ಕಡೆ ಗೆರೆ ಕುಣಿಯುತ್ತಿದ್ದರೆ ದೂರದ ಚಿತ್ರಗಳನ್ನು ಬಿಟ್ಟು ಹತ್ತಿರದ ಹಕ್ಕಿಗಳ ಕಡೆ ಹೊರಳಿ. ಸೂರ್ಯ ಹುಟ್ಟುವ ಮೊದಲೇ ದಡದಲ್ಲಿರಬೇಕು ಎನ್ನುವುದು ಬರೀ ಹೊಂಬಿಸಿಲಿನ ಆಸೆಗಲ್ಲ, ಗಾಳಿ ತಣ್ಣಗಿರುವ ಆ ಒಂದೆರಡು ತಾಸಿಗಾಗಿ. ಎ.ಸಿ. ಕಾರಿನಿಂದ ಲೆನ್ಸ್ ಹೊರತೆಗೆದಾಗಲೂ ಹುಡ್‌ನೊಳಗಿನ ಗಾಳಿಗೂ ಹೊರಗಿನ ಗಾಳಿಗೂ ತಾಪಮಾನ ಬೇರೆಯಾಗಿರುತ್ತದೆ. ಅದು ಸಮವಾಗುವವರೆಗೆ ಮೊದಲ ಚಿತ್ರಗಳು ಮೃದುವಾಗಿ ಬರಬಹುದು. ಸ್ವಲ್ಪ ಹೊತ್ತು ಹುಡ್ ತೆಗೆದಿಡಿ.

ಇನ್ನು ದೋಣಿಯ ವಿಷಯ. ಹಿಂಡಿನೊಳಕ್ಕೆ ದೋಣಿ ನುಗ್ಗಿಸಿ, ರಾಜಹಂಸಗಳೆಲ್ಲ ಒಮ್ಮೆಗೇ ಎದ್ದು ಹಾರುವ ಕೆಂಪು-ಕಪ್ಪು ರೆಕ್ಕೆಗಳ ಚಿತ್ರ ತೆಗೆಸುವ ಚಾಳಿ ಇದೆ. ದೋಣಿಯವರು ಹಾಗೆ ಮಾಡುವುದು ಬಹುಮಟ್ಟಿಗೆ ನಾವು ಕೇಳುತ್ತೇವೆಂದು. ರಾಜಹಂಸ ತಲೆ ಕೆಳಗೆ ಮಾಡಿ ಕೆಸರುನೀರನ್ನು ಕೊಕ್ಕಿನಲ್ಲಿ ಸೋಸಿ ತಿನ್ನುವ ಹಕ್ಕಿ. ಅದರ ಹೊಟ್ಟೆ ತುಂಬಲು ತಾಸುಗಟ್ಟಲೆ ನೆಮ್ಮದಿಯ ಮೇವು ಬೇಕು, ಏಳಬೇಕಾದರೆ ನೀರಿನ ಮೇಲೆ ಓಡಿ ಓಡಿ ಶಕ್ತಿ ಖರ್ಚು ಮಾಡಬೇಕು. ಬೆಳಗಿನಲ್ಲಿ ಹತ್ತು ದೋಣಿ ಹತ್ತು ಸಲ ಎಬ್ಬಿಸಿದರೆ ಅದು ತಿನ್ನುವುದು ಯಾವಾಗ? ಸೂಚನೆ ಸ್ಪಷ್ಟವಾಗಿಯೇ ಇರುತ್ತದೆ. ಮೇಯುತ್ತಿದ್ದ ಹಕ್ಕಿಗಳು ಕತ್ತು ನೆಟ್ಟಗೆ ಮಾಡಿ, ಒಂದೇ ದಿಕ್ಕಿಗೆ ಒತ್ತೊತ್ತಾಗಿ ನಡೆಯಲು ಶುರುಮಾಡಿದರೆ ನೀವು ಆಗಲೇ ಬೇಕಾದ್ದಕ್ಕಿಂತ ಹತ್ತಿರ ಬಂದಿದ್ದೀರಿ. "ದಾದಾ, ಇಂಜಿನ್ ಬಂದ್ ಕರಾ" ಎಂದು ದೂರದಲ್ಲೇ ಹೇಳಿ. ಸೂರ್ಯ ಬೆನ್ನ ಹಿಂದಿರುವಂತೆ ದೋಣಿ ನಿಲ್ಲಿಸಿ ಕಾಯಿರಿ. ಹೆಚ್ಚಿನ ಸಲ ಹಕ್ಕಿಗಳೇ ಮೇಯುತ್ತ ಮೇಯುತ್ತ ಹತ್ತಿರ ಬರುತ್ತವೆ. ಹೊರಡುವ ಮೊದಲೇ ಮಾತಾಡಿಕೊಂಡು, ಹಕ್ಕಿ ಎಬ್ಬಿಸದ ದೋಣಿಯವರಿಗೆ ಕೇಳಿದ್ದಕ್ಕಿಂತ ಸ್ವಲ್ಪ ಹೆಚ್ಚೇ ಕೊಡಿ. 500, 600 ಎಂ.ಎಂ.ಗೆ ಲಕ್ಷಗಟ್ಟಲೆ ಸುರಿಯುವುದು ದೂರ ನಿಲ್ಲಲೆಂದೇ ಅಲ್ಲವೇ?

ಸಾಸವಡದ ಕಡೆಯ ಹುಲ್ಲುಬಯಲಿನಲ್ಲಿ ಲೆಕ್ಕ ಬದಲಾಗುತ್ತದೆ. ನೆಲಗುಬ್ಬಿ, ಟಿಟ್ಟಿಭ, ಇಂಡಿಯನ್ ಕೋರ್ಸರ್, ಚಳಿಗಾಲದಲ್ಲಿ ತಗ್ಗಾಗಿ ಹಾರುವ ಸೆಳೆವಗಳು, ಎಲ್ಲವೂ ಬಯಲಿನ ಹಕ್ಕಿಗಳು. ಮನುಷ್ಯ ಎದ್ದು ನಿಂತದ್ದು ಅವಕ್ಕೆ ಬಹುದೂರದಿಂದ ಕಾಣುತ್ತದೆ. ಆದರೆ ಕಾರಿಗೆ ಅಷ್ಟಾಗಿ ಹೆದರುವುದಿಲ್ಲ. ಇಲ್ಲಿ ಕಾರೇ ಮರೆ, 600 ನಿಜವಾಗಿ ಬೇಕಾಗುವುದೂ ಇಲ್ಲೇ. ಗಾಜನ್ನು ಅರ್ಧ ಇಳಿಸಿ, ಅದರ ಮೇಲೆ ಬೀನ್ ಬ್ಯಾಗ್ ಇಟ್ಟು ಲೆನ್ಸ್ ಮಲಗಿಸಿ. ಇಂಜಿನ್ ಪೂರ್ತಿ ಆರಿಸಿ; ಅದರ ನಡುಕವೂ ಕೆಡುಕು, ಬಾನೆಟ್ಟಿನಿಂದ ಏಳುವ ಬಿಸಿಯೂ ಕೆಡುಕು. ರಸ್ತೆ ಬಿಟ್ಟು ಹುಲ್ಲಿಗೆ ಕಾರು ಇಳಿಸಲೇಬೇಡಿ. ಟಿಟ್ಟಿಭ, ಕೋರ್ಸರ್‌ಗಳು ಬರಿನೆಲದ ಮೇಲೆ ಮಣ್ಣಿನ ಬಣ್ಣದ ಮೊಟ್ಟೆ ಇಡುತ್ತವೆ, ಚಕ್ರದಡಿ ಸಿಕ್ಕರೂ ನಮಗೆ ಗೊತ್ತಾಗುವುದಿಲ್ಲ. ಈ ಬಯಲಿನ ನಯಧೂಳು ಲೆನ್ಸಿಗೂ ಶತ್ರು. ಜೂಮ್ ಮಾಡಿದಾಗ ಉದ್ದವಾಗುವ ಲೆನ್ಸುಗಳು ಗಾಳಿಯೊಂದಿಗೆ ಧೂಳನ್ನೂ ಒಳಗೆಳೆದುಕೊಳ್ಳುತ್ತವೆ. ಸೋನಿ 200-600, ನಿಕಾನ್ ಝಡ್ 180-600ರಂತೆ ಒಳಗೇ ಜೂಮ್ ಆಗುವವು ಈ ವಿಷಯದಲ್ಲಿ ಮೇಲು.

ಸಿಂಹಗಡದ ತಪ್ಪಲಿನ ಕಣಿವೆಯಲ್ಲಿ ತೊಂದರೆ ದೂರದ್ದಲ್ಲ, ಬೆಳಕಿನದು. ಹಳ್ಳದ ಪಕ್ಕದ ಮರಗಳಲ್ಲಿ ಉದ್ದ ಬಾಲದ ಬಾಲದಂಡೆ ಹಕ್ಕಿ ಹತ್ತು ಮೀಟರಿಗೆ ಬಂದು ಕೂರುತ್ತದೆ, ಕೆಲವು ನೊಣಹಿಡುಕಗಳು ಇನ್ನೂ ಹತ್ತಿರ ಬರುತ್ತವೆ. ಆದರೆ ಎಲೆಗಳಡಿ ಬೆಳಕು ಬಯಲಿಗಿಂತ ಎಷ್ಟೋ ಪಾಲು ಕಡಿಮೆ. ಲೆನ್ಸಿನ ಮೇಲೆ ಬರೆದ ಇನ್ನೊಂದು ಸಂಖ್ಯೆಗೆ ಇಲ್ಲಿ ಬೆಲೆ ಬರುತ್ತದೆ. ಎಫ್/6.3ಕ್ಕಿಂತ ಎಫ್/4 ಎರಡೂವರೆ ಪಟ್ಟು ಹೆಚ್ಚು ಬೆಳಕು ಬಿಡುತ್ತದೆ: ಒಂದರಲ್ಲಿ ಐಎಸ್ಒ 6400 ಬೇಕಾದ ಕಡೆ ಇನ್ನೊಂದರಲ್ಲಿ ಸುಮಾರು 2500ಕ್ಕೆ ಅದೇ ಚಿತ್ರ. ಹಾಗೆಂದು 600 ಎಫ್/4ಕ್ಕೆ ಹತ್ತು ಲಕ್ಷ ದಾಟಿ ಖರ್ಚುಮಾಡಬೇಕಿಲ್ಲ. ಇಲ್ಲಿಗೆ 300 ಎಫ್/4 ಕೂಡ ಚೆನ್ನ. ಇರುವ 600 ಎಫ್/6.3ರಲ್ಲೇ ತೆಗೆಯುವುದಾದರೆ ಶಟರನ್ನು 1/250ಕ್ಕೆ ಇಳಿಸಿ, ಮಾನೋಪಾಡ್ ಮೇಲೆ ನಿಲ್ಲಿಸಿ, ಹಕ್ಕಿ ತಲೆ ಸ್ಥಿರ ಮಾಡಿದ ಗಳಿಗೆಯಲ್ಲಿ ಒಂದೇ ಸಮ ಐದಾರು ಚಿತ್ರ ತೆಗೆಯಿರಿ. ಒಂದಾದರೂ ಚುರುಕಾಗಿ ಬರುತ್ತದೆ. ಈಗಿನ ತಂತ್ರಾಂಶಗಳು ಐಎಸ್ಒ 6400ರ ಕಾಳುಗಳನ್ನು ಚೆನ್ನಾಗಿ ತೆಗೆಯುತ್ತವೆ, ಅಲುಗಾಡಿದ ಚಿತ್ರವನ್ನು ಅಷ್ಟು ಚೆನ್ನಾಗಿ ಸರಿಪಡಿಸಲಾರವು. ಹಾಗಾಗಿ ಐಎಸ್ಒಗೆ ಹೆದರಿ ಶಟರ್ ಇನ್ನಷ್ಟು ಇಳಿಸಬೇಡಿ.

ಕಣಿವೆಯಲ್ಲಿ ಇನ್ನೆರಡು ಸಂಗತಿ ನೋಡಿಕೊಳ್ಳಬೇಕು. ಒಂದು, ಫೋಕಸಿನ ಆಳ. ಹತ್ತು ಮೀಟರ್ ದೂರಕ್ಕೆ 600 ಎಂ.ಎಂ., ಎಫ್/6.3ರಲ್ಲಿ ಚುರುಕಾಗಿ ಕಾಣುವ ಪಟ್ಟಿ ಸುಮಾರು ಹತ್ತು ಸೆಂಟಿಮೀಟರ್. ಐದು ಮೀಟರಿಗೆ ಎರಡೂವರೆ ಸೆಂಟಿಮೀಟರ್ ಮಾತ್ರ. ಕಣ್ಣಿಗೆ ಫೋಕಸ್ ಬೀಳದಿದ್ದರೆ ಚಿತ್ರವೇ ಇಲ್ಲ. ಹೊಸ ಮಿರರ್‌ಲೆಸ್ ಕ್ಯಾಮೆರಾಗಳು ಹಕ್ಕಿಯ ಕಣ್ಣನ್ನು ತಾವೇ ಹುಡುಕುತ್ತವೆ, ಆದರೆ ಅಡ್ಡ ಬಂದ ಕೊಂಬೆಗಳ ನಡುವೆ ಒಂದೇ ಚಿಕ್ಕ ಫೋಕಸ್ ಬಿಂದುವನ್ನು ಕೈಯಾರೆ ಇಡುವುದೇ ನಂಬಿಕೆಯ ದಾರಿ. ಎರಡು, ಎಷ್ಟು ಹತ್ತಿರದವರೆಗೆ ಲೆನ್ಸ್ ಫೋಕಸ್ ಮಾಡಬಲ್ಲದು. ಸೋನಿ 200-600 ಮತ್ತು ನಿಕಾನ್ 200-500 ಎರಡೂವರೆ ಮೀಟರಿಗಿಂತ ಹತ್ತಿರಕ್ಕೂ ಬರುತ್ತವೆ. ಕ್ಯಾನನ್ ಆರ್‌ಎಫ್ 800 ಎಫ್/11ಕ್ಕೆ ಆರು ಮೀಟರ್ ಬೇಕು. ಲೆನ್ಸಿನ ಪಕ್ಕದ ಫೋಕಸ್ ಮಿತಿಯ ಸ್ವಿಚ್ ಕೂಡ ಇಲ್ಲಿ 'ಫುಲ್' ಕಡೆಗಿರಲಿ. ಭಿಗವಣದಲ್ಲಿ ಅದನ್ನೇ ದೂರದ ಕಡೆಗಿಟ್ಟರೆ ಫೋಕಸ್ ವೃಥಾ ಅಲೆದಾಡದು. ಒಂದು ಜಾಗದಿಂದ ಇನ್ನೊಂದಕ್ಕೆ ಹೋದಾಗ ಈ ಸ್ವಿಚ್ ಬದಲಿಸುವುದನ್ನು ಮರೆತು 'ಲೆನ್ಸ್ ಫೋಕಸ್ ಹಿಡಿಯುತ್ತಿಲ್ಲ' ಎನ್ನುವವರು ಬಹಳ.

ಕವಡಿಗೆ ಇಷ್ಟೆಲ್ಲ ಬೇಡ. ಲೋಣಿ ಕಾಳಭೋರದ ಹತ್ತಿರ ಮುಳಾ-ಮುಠಾ ನದಿಯ ದಂಡೆ. ಬ್ರಾಹ್ಮಿಣಿ ಬಾತು, ಮೆಟ್ಟುಗಾಲು ಹಕ್ಕಿ, ಸಿಪಿಲೆಗಳು. ನಡೆಯುತ್ತ ನೋಡುವ ಜಾಗ, ಕೈಯಲ್ಲಿ ಹಿಡಿಯಬಲ್ಲ ಹಗುರ ಜೂಮ್ ಒಂದಿದ್ದರೆ ಆಯಿತು. ಇದೇ ನೀರು ಮುಂದೆ ಭೀಮೆ ಸೇರಿ ಉಜನಿ ಮುಟ್ಟುತ್ತದೆ, ಅಲ್ಲಿಂದ ವಿಜಯಪುರ, ಕಲಬುರಗಿ ಸೀಮೆ ಹಾದು ರಾಯಚೂರಿನ ಕಡೆ ಕೃಷ್ಣೆಗೆ ಬೀಳುತ್ತದೆ. ಕರ್ನಾಟಕದಲ್ಲಿರುವ ಓದುಗರೂ ಇದೇ ಲೆಕ್ಕವನ್ನು ತಮ್ಮ ಜಾಗಗಳಿಗೆ ಹಾಕಿಕೊಳ್ಳಬಹುದು. ರಂಗನತಿಟ್ಟಿನ ದೋಣಿಯಿಂದ ಹಕ್ಕಿಗಳು ಎಷ್ಟು ಹತ್ತಿರವೆಂದರೆ ಅಲ್ಲಿ 600 ಹೆಚ್ಚೇ ಆಗುತ್ತದೆ. ಗದಗ ಜಿಲ್ಲೆಯ ಮಾಗಡಿ ಕೆರೆಯ ದಡದಿಂದ ಪಟ್ಟೆತಲೆ ಹೆಬ್ಬಾತು ನೋಡುವವರಿಗೆ ಅದೇ 600 ಬೇಕಾಗುತ್ತದೆ. ದಾಂಡೇಲಿಯ ಕಾಡಿಗೆ ಹೋಗುವವರು ಸಿಂಹಗಡದ ಮಾತನ್ನು ಮತ್ತೊಮ್ಮೆ ಓದಲಿ.

ಹಾಗಾದರೆ ಯಾವುದನ್ನು ಕೊಳ್ಳಬೇಕು? ಒಂದೇ ಲೆನ್ಸಿನಲ್ಲಿ ಎಲ್ಲ ಜಾಗಕ್ಕೂ ಹೋಗಬೇಕೆಂದರೆ ಸಿಗ್ಮಾ ಅಥವಾ ಟ್ಯಾಮ್ರಾನಿನ 150-600, ಸೋನಿ 200-600, ನಿಕಾನ್ 180-600 ಈ ಸಾಲಿನವು. ಎರಡು ಕಿಲೊ ಆಸುಪಾಸಿನವು, ಮೇಲೆ ಕ್ಯಾಮೆರಾ ಸೇರಿದರೆ ಮೂರಕ್ಕೆ ಹತ್ತಿರ. ಸಿಗ್ಮಾದಲ್ಲಿ ಎರಡು ಬಗೆ: ಕಂಟೆಂಪರರಿ ಸುಮಾರು 1.9 ಕಿಲೊ, ಸ್ಪೋರ್ಟ್ಸ್ 2.8ಕ್ಕೂ ಹೆಚ್ಚು. ಬೆಟ್ಟ ಹತ್ತುವವರು ಮೊದಲನೆಯದನ್ನೇ ಆರಿಸಲಿ. ನಡೆದಾಡುವವರಿಗೆ ಕ್ಯಾನನ್ ಆರ್‌ಎಫ್ 100-500, ನಿಕಾನಿನ 500 ಎಫ್/5.6 ಪಿಎಫ್ ಮತ್ತು 600 ಎಫ್/6.3 ಪಿಎಫ್ ಒಂದೂವರೆ ಕಿಲೊ ಸುತ್ತಮುತ್ತ ಇವೆ. ನನ್ನ ಅನುಭವದಲ್ಲಿ, ಕೈಯಲ್ಲೇ ಹಿಡಿದು ಥಟ್ಟನೆ ಎತ್ತಬಲ್ಲ ಈ ಹಗುರ ಲೆನ್ಸುಗಳು ಟ್ರೈಪಾಡಿಗೆ ಅಂಟಿದ ದೊಡ್ಡ ಲೆನ್ಸಿಗಿಂತ ಹೆಚ್ಚು ಚಿತ್ರ ಕೊಡುತ್ತವೆ. ಕ್ಯಾನನ್ ಬಳಸುವವರಿಗೆ 600 ಎಫ್/11 ಒಂದು ಕಿಲೊಗೂ ಕಡಿಮೆ, ಬೆಲೆಯೂ ಕೈಗೆಟಕುವಂಥದ್ದು. ಭಿಗವಣದ ಬಿಸಿಲಿಗೆ ಚೆನ್ನ, ಸಿಂಹಗಡದ ನೆರಳಿಗೆ ಬೇಡ. ಟೆಲಿಕನ್ವರ್ಟರನ್ನು ಜೂಮ್ ಲೆನ್ಸಿಗೆ ಹಾಕುವ ಆಸೆ ಎಲ್ಲರಿಗೂ ಬರುತ್ತದೆ. 1.4 ಪಟ್ಟಿನದು ಒಂದು ಸ್ಟಾಪ್, 2 ಪಟ್ಟಿನದು ಎರಡು ಸ್ಟಾಪ್ ಬೆಳಕು ತಿನ್ನುತ್ತದೆ. ಎಫ್/6.3ರ ಲೆನ್ಸ್ ಎಫ್/9 ಆದ ಮೇಲೆ ಫೋಕಸೂ ನಿಧಾನ. ಕನ್ವರ್ಟರಿಗೆ ಕೊಡುವ ಹಣದಲ್ಲಿ ಭಿಗವಣಕ್ಕೆ ನಾಲ್ಕು ಸಲ ಹೋಗಿಬನ್ನಿ.

ಕೊಳ್ಳುವ ಮೊದಲು ಬಾಡಿಗೆಗೆ ತಂದು ನೋಡುವುದು ಎಲ್ಲಕ್ಕಿಂತ ಒಳ್ಳೆಯದು. ಪುಣೆಯಲ್ಲೂ ಬೆಂಗಳೂರಿನಲ್ಲೂ ದಿನದ ಲೆಕ್ಕದಲ್ಲಿ ಲೆನ್ಸ್ ಸಿಗುತ್ತದೆ. ಒಂದು ವಾರಾಂತ್ಯ ಹೊತ್ತು ತಿರುಗಿದರೆ ತೋಳೇ ತೀರ್ಪು ಹೇಳುತ್ತದೆ. ಸೆಕೆಂಡ್‌ಹ್ಯಾಂಡ್ ಲೆನ್ಸಿನ ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ನೋಡಿ: ಜೇಡರ ಬಲೆಯಂಥ ಎಳೆಗಳಿದ್ದರೆ ಅದು ಫಂಗಸ್, ಬಿಟ್ಟುಬಿಡಿ. ನಾಲ್ಕೈದು ಧೂಳಿನ ಕಣಗಳಿಗೆ ತಲೆ ಕೆಡಿಸಿಕೊಳ್ಳಬೇಡಿ. ನಿಮ್ಮ ಕ್ಯಾಮೆರಾಗೇ ಹಾಕಿ ಸ್ಟೆಬಿಲೈಸರ್ ಶಬ್ದ ಕೇಳಿ, ಹತ್ತಿರ ಮತ್ತು ದೂರ ಎರಡಕ್ಕೂ ಫೋಕಸ್ ಮಾಡಿ, ಬಿಲ್ಲಿನಲ್ಲಿನ ಸೀರಿಯಲ್ ನಂಬರನ್ನು ಲೆನ್ಸಿನದರೊಂದಿಗೆ ತಾಳೆ ನೋಡಿ.

ಹಿಡಿಯುವ ರೀತಿಗೆ ಬಂದರೆ, ಎಡಗೈ ಲೆನ್ಸಿನ ಅಡಿಯಲ್ಲಿ ತೂಕ ಸಮನಾಗುವ ಕಡೆ ಇರಬೇಕು, ಮೊಣಕೈ ಪಕ್ಕೆಗೆ ಒತ್ತಿರಬೇಕು. ಭಾರವೆಲ್ಲ ಎಡಗೈಯದು, ಬಲಗೈ ಗುಂಡಿ ಒತ್ತಲು ಮಾತ್ರ. ಪಟ್ಟಿಯನ್ನು ಕ್ಯಾಮೆರಾಗೆ ಕಟ್ಟಬೇಡಿ, ಲೆನ್ಸಿನ ಕಾಲರ್ ಕಾಲಿಗೆ ಕಟ್ಟಿ. ಇಲ್ಲದಿದ್ದರೆ ಎರಡು ಕಿಲೊ ಭಾರ ಮೌಂಟಿನ ಮೇಲೆ ಜೋಲುತ್ತದೆ. ಹಾರುವ ಹಕ್ಕಿ ಚೌಕಟ್ಟಿಗೆ ಸಿಗುತ್ತಿಲ್ಲ ಎನ್ನುವವರು ಕಣ್ಣನ್ನು ಹಕ್ಕಿಯಿಂದ ತೆಗೆದು ಕ್ಯಾಮೆರಾ ಹುಡುಕುತ್ತಾರೆ. ಕಣ್ಣು ಹಕ್ಕಿಯ ಮೇಲೇ ಇರಲಿ, ಕ್ಯಾಮೆರಾ ಕಣ್ಣಿನ ಬಳಿಗೆ ಬರಲಿ. ಜೂಮ್ ಇದ್ದರೆ ಅಗಲದಲ್ಲಿ ಹಿಡಿದು ಆಮೇಲೆ ಹಿಗ್ಗಿಸಿ. ಇದಕ್ಕೆ ಭಿಗವಣಕ್ಕೇ ಹೋಗಬೇಕಿಲ್ಲ. ಪಾಷಾಣ್ ಕೆರೆಯ ದಡದಲ್ಲಿ, ಇಲ್ಲವೇ ಮಹಡಿಯ ಮೇಲೆ ನಿಂತು ಹದ್ದು, ಪಾರಿವಾಳಗಳನ್ನು ಹಿಂಬಾಲಿಸಿ ಕೈ ಪಳಗಿಸಿಕೊಳ್ಳಬಹುದು.

ಜೂನ್ ಬಂದರೆ ಪುಣೆಯ ಮಳೆಗಾಲ, ಲೆನ್ಸಿಗೆ ಫಂಗಸ್ ಕಾಲ. ಬಟ್ಟೆಯ ಕಪಾಟಿನಲ್ಲಿ, ಚರ್ಮದ ಚೀಲದಲ್ಲಿ ಇಡಬೇಡಿ. ತೇವಾಂಶ ಶೇಕಡಾ 40ರಿಂದ 50ರಷ್ಟು ಇರುವ ಡ್ರೈ ಕ್ಯಾಬಿನೆಟ್ ಒಳ್ಳೆಯದು. ಅದಿಲ್ಲದಿದ್ದರೆ ಬಿಗಿ ಮುಚ್ಚಳದ ದೊಡ್ಡ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್ ಮತ್ತು ಒಂದು ಪುಟ್ಟ ತೇವಮಾಪಕ. ಜೆಲ್ ಬಣ್ಣ ಬದಲಾದಾಗ ಬಿಸಿಮಾಡಿ ಒಣಗಿಸಿ ಮತ್ತೆ ಬಳಸಬಹುದು. ವಾರ ಹತ್ತು ದಿನಕ್ಕೊಮ್ಮೆ ಹೊರತೆಗೆದು ಹತ್ತು ನಿಮಿಷ ಬೆಳಕಿಗೆ ಒಡ್ಡಿ, ಜೂಮ್ ಮತ್ತು ಫೋಕಸ್ ರಿಂಗುಗಳನ್ನು ತಿರುಗಿಸಿ. ಅಗ್ಗದ ಯುವಿ ಫಿಲ್ಟರನ್ನು ರಕ್ಷಣೆಗೆಂದು ಹಾಕಬೇಡಿ, ಉದ್ದ ಲೆನ್ಸಿನ ಚುರುಕನ್ನು ಅದೇ ಮೊದಲು ಕೆಡಿಸುತ್ತದೆ; ಹುಡ್ ಸಾಕು. ಅಕ್ಟೋಬರಿನಲ್ಲಿ ಮತ್ತೆ ಹೊರಡುವ ಮೊದಲು ಮನೆಯ ಬಳಿಯೇ ಹತ್ತು ಮೀಟರ್ ದೂರದ ಒಂದು ಕೊಂಬೆಗೆ ಫೋಕಸ್ ಮಾಡಿ, 1/1000ಕ್ಕೆ ಹತ್ತು ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಪೂರ್ತಿ ಗಾತ್ರಕ್ಕೆ ಹಿಗ್ಗಿಸಿ ನೋಡಿ. ಹತ್ತರಲ್ಲಿ ಎಂಟು ಚುರುಕಾಗಿದ್ದರೆ ಲೆನ್ಸ್ ಸರಿಯಿದೆ. ಇಲ್ಲದಿದ್ದರೆ ರಾಜಹಂಸಗಳು ಬರುವ ಮೊದಲೇ ಸರ್ವಿಸ್ ಮಾಡಿಸಿಕೊಳ್ಳಲು ಸಮಯವಿರುತ್ತದೆ.